ಇಪ್ಪತ್ತಾರನೇ ನಂಬರಿನ ಹೇಬರ್‌ಫೀಲ್ಡ್

ಎಲ್ಲಕ್ಕೂ ಕಾರಣ ಕಂಪ್ಯೂಟರ್ ಪರದೆಯ ಮೇಲಿದ್ದ ಒಂದು ಖಾಲಿ ಚೌಕ. ಅದನ್ನು ತುಂಬದೆ ಮುಂದಿನ ಪುಟಕ್ಕೆ ಬಿಡುವುದಿಲ್ಲವೆಂದು ಅದು ಹಠ ಹಿಡಿದಿತ್ತು.

ಮರ್ವಿನ್ ಟಕ್‌ವೆಲ್ ಮೆಲ್ಬರ್ನಿನ ಪಶ್ಚಿಮಕ್ಕೆ, ಹೊಳೆಯಂಚಿಗಿರುವ ಕೊರಂಬೀನ್ ಫುಟ್‌ಬಾಲ್ ಕ್ಲಬ್ಬಿನಲ್ಲಿ ಮೂವತ್ತೊಂದು ವರ್ಷದಿಂದ ಬೂಟಿನವನು. ಅಲ್ಲಿಯ ಫುಟ್‌ಬಾಲಿಗೆ ತಂಡಕ್ಕೆ ಹದಿನೆಂಟು ಜನ, ಗೋಲಿಗೆ ನಾಲ್ಕು ಕಂಬ. ಬೂಟಿನ ಅಡಿಗೆ ಜಾರದಂತೆ ಸ್ಟಡ್ಡು ಬಿಗಿಯುವುದು, ಕೆಸರು ಕೆರೆಯುವುದು, ಲೇಸು ಹೊಂದಿಸುವುದು ಅವನ ಕೆಲಸ. ಕಂಪ್ಯೂಟರಿನ ಕೆಲಸ ಅವನದಲ್ಲ. ಆದರೆ ಅದನ್ನು ಮಾಡುತ್ತಿದ್ದ ಗುಮಾಸ್ತ ಹಗರಣದಲ್ಲಿ ಕೆಲಸ ಕಳೆದುಕೊಂಡ ಮೇಲೆ ಆ ಗಂಟು ಇವನ ತಲೆಗೆ ಬಿತ್ತು.

ಹಗರಣ ನಡೆದು ಎರಡು ವರ್ಷವಾಗಿತ್ತು. ವಿಜ್ಞಾನಿ ಎಂದು ಹೇಳಿಕೊಂಡು ಬಂದ ಒಬ್ಬ ಮಹಾನುಭಾವ ಆಟಗಾರರನ್ನು ಬೂಟಿನ ಕೋಣೆಯ ಪಕ್ಕದಲ್ಲೇ ಸಾಲಾಗಿ ನಿಲ್ಲಿಸಿ ಸೂಜಿ ಚುಚ್ಚಿದ್ದ. ಏನು ಚುಚ್ಚಿದೆ ಎಂದು ಲೀಗಿನವರು ಕೇಳಿದಾಗ ಅವನಿಗೆ ನೆನಪಿರಲಿಲ್ಲ. ಕ್ಲಬ್ಬು ಆ ವರ್ಷದ ಅಂಕಗಳನ್ನೂ ಹೊಸ ಆಟಗಾರರನ್ನು ಆರಿಸುವ ಸರದಿಯನ್ನೂ ಕಳೆದುಕೊಂಡಿತು. ಇಪ್ಪತ್ತಾರನೇ ನಂಬರಿನವನು ಆಟದಿಂದಲೇ ಹೊರಬಿದ್ದ. ಆ ಸಾಲನ್ನು ಮರ್ವಿನ್ ದಿನಾ ನೋಡಿದ್ದ. ತನ್ನದು ಕಾಲಿನ ಕೆಳಗಿನ ಕೆಲಸ, ಮೇಲಿನದು ತನಗ್ಯಾಕೆ ಎಂದು ಬಾಗಿಲು ಹಾಕಿಕೊಂಡಿದ್ದ.

ಈಗ ಹೊಸ ಕಟ್ಟಳೆ. ಪ್ರತಿ ಆಟಗಾರನೂ ದಿನದ ಯಾವ ಒಂದು ಗಂಟೆ ಎಲ್ಲಿರುತ್ತಾನೆಂದು ಮುಂಚೆಯೇ ತಿಳಿಸಬೇಕು. ಆ ಗಂಟೆಯಲ್ಲಿ ಪರೀಕ್ಷಕರು ಬಂದರೆ ಅಲ್ಲೇ ಸಿಗಬೇಕು, ಬಾಟಲಿಗೆ ಮೂತ್ರ ಕೊಡಬೇಕು. ಇಪ್ಪತ್ತಾರನೇ ನಂಬರಿನಲ್ಲಿ ಯಾರೂ ಇಲ್ಲ ಎಂದರೆ ಕಂಪ್ಯೂಟರು ಒಪ್ಪಲಿಲ್ಲ. ಮರ್ವಿನ್ ಬೇಸತ್ತು ಇಪ್ಪತ್ತಾರನೇ ಕಪಾಟಿನ ಬಾಗಿಲು ನೋಡಿದ. ಆ ನಂಬರು ತೊಟ್ಟವರ ಹೆಸರನ್ನೆಲ್ಲ ಬಾಗಿಲ ಮೇಲೆ ಬಣ್ಣದಲ್ಲಿ ಬರೆಸುವುದು ಅಲ್ಲಿಯ ವಾಡಿಕೆ. ಎಲ್ಲಕ್ಕಿಂತ ಮೇಲಿದ್ದ ಹೆಸರನ್ನು ಒತ್ತಿದ: ಲೆಸ್ಲಿ ಹೇಬರ್‌ಫೀಲ್ಡ್. ಕಟ್ಟಡದೊಳಗಿನ ಓಣಿಯ ಗೋಡೆಯಲ್ಲಿ ಅವನ ಪಟವೂ ಇತ್ತು. 1923ರ ಸೆಮಿಫೈನಲ್ ಆಡಿದ ಮರುದಿನ ಶೀತದಿಂದ ತೀರಿಕೊಂಡ, ವಯಸ್ಸು ಇಪ್ಪತ್ನಾಲ್ಕು ಎಂದು ಅದರ ಕೆಳಗೆ ಬರೆದಿತ್ತು. ಮರ್ವಿನ್ ವಯಸ್ಸನ್ನೂ ಒತ್ತಿದ. ಜಾಗ: ಆಟಗಾರರ ಕೋಣೆ. ಹೊತ್ತು: ಬೆಳಿಗ್ಗೆ ಆರರಿಂದ ಏಳು. ಕಂಪ್ಯೂಟರು ತೃಪ್ತಿಯಿಂದ ಮುಂದಿನ ಪುಟಕ್ಕೆ ಹೋಯಿತು.

ಹೀಗೆ ಐದು ತಿಂಗಳು ಕಳೆಯಿತು. ಅಷ್ಟರಲ್ಲಿ ನಡೆಯಬಾರದ್ದು ನಡೆದು ಕೊರಂಬೀನ್ ಗೆಲ್ಲತೊಡಗಿತು. ಮರ್ವಿನ್ ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ತಂಡ ಫೈನಲ್ ಸುತ್ತಿಗೆ ಬಂತು. ಶನಿವಾರ ಪಂದ್ಯ. ಆಟಗಾರರು ಮೈದಾನಕ್ಕೆ ಹೋಗುವ ಸುರಂಗದಿಂದ ಓಡಿಹೋಗುವಾಗ ಬಾಗಿಲಲ್ಲಿ ನಿಂತು ಪ್ರತಿಯೊಬ್ಬನ ಲೇಸನ್ನು ಕೊನೆಯದಾಗಿ ಎಳೆದು ನೋಡುವುದು ಬೂಟಿನವನ ಹಕ್ಕು. ಫೈನಲ್ ದಿನದ ಆ ಒಂದು ಗಳಿಗೆಗಾಗಿ ಅವನು ಮೂವತ್ತೊಂದು ಚಳಿಗಾಲ ಕೆಸರು ಕೆರೆದಿದ್ದ.

ಮಂಗಳವಾರ ಬೆಳಿಗ್ಗೆ ಆರಕ್ಕೆ ಸರಿಯಾಗಿ ಬಾಗಿಲು ತಟ್ಟಿದ ಸದ್ದಾಯಿತು. ಹೊಳೆಯ ಮಂಜು ಮೈದಾನವನ್ನೆಲ್ಲ ನುಂಗಿತ್ತು, ಗೋಲಿನ ನಾಲ್ಕು ಕಂಬಗಳಲ್ಲಿ ಒಂದೂ ಕಾಣುತ್ತಿರಲಿಲ್ಲ. ಬಾಗಿಲಲ್ಲಿ ಬೂದು ಕೋಟಿನ, ಕಡ್ಡಿಯಂಥ ಹೆಂಗಸು ಒಂದು ಪೆಟ್ಟಿಗೆ ಹಿಡಿದು ನಿಂತಿದ್ದಳು.

"ಮಿಸ್ ಪ್ರಿಸ್ಕ್. ಉದ್ದೀಪನ ಮದ್ದಿನ ಪರೀಕ್ಷೆಗೆ ಬಂದಿದ್ದೀನಿ," ಎಂದಳು. "ಲೆಸ್ಲಿ ಹೇಬರ್‌ಫೀಲ್ಡ್ ಅವರನ್ನ ಕರೀರಿ."

ಮರ್ವಿನ್ ಬಾಗಿಲನ್ನು ಅರ್ಧ ಮುಚ್ಚಿದ. "ಅವನನ್ನೇ ಯಾಕೆ ಮೇಡಂ?"

"ಐದು ತಿಂಗಳಲ್ಲಿ ಒಂದಿನಾನೂ ಜಾಗ ಬದಲಾಯಿಸಿಲ್ಲ. ಊರಿಗೆ ಹೋಗಿಲ್ಲ, ಹುಷಾರು ತಪ್ಪಿಲ್ಲ, ಗೆಳತಿ ಮನೇಲಿ ಮಲಗಿಲ್ಲ. ಇಷ್ಟು ಶಿಸ್ತಿನ ಆಟಗಾರನನ್ನ ನನ್ನ ಜನ್ಮದಲ್ಲಿ ನೋಡಿಲ್ಲ. ಅದಕ್ಕೇ ಅನುಮಾನ ಬಂತು."

"ಅವನು ಸ್ವಲ್ಪ ತಡ ಮಾಡ್ತಾನೆ."

"ಏಳರವರೆಗೂ ಕಾಯ್ತೀನಿ. ಬರದಿದ್ರೆ ಕ್ಲಬ್ಬಿನ ಮೇಲೆ ಮೂರನೇ ತಪ್ಪು. ಮೂರಾದ್ರೆ ಶನಿವಾರ ನಿಮ್ಮ ಬದಲು ಬೇರೆಯವರು ಆಡ್ತಾರೆ. ಗೊತ್ತಿದೆಯಲ್ಲ?"

ಗೊತ್ತಿಲ್ಲದೆ ಏನು. ಮರ್ವಿನ್ ಅವಳನ್ನು ಬೆಂಚಿನ ಮೇಲೆ ಕೂರಿಸಿ ಅಡುಗೆಮನೆಗೆ ಓಡಿದ. ಆ ಹೊತ್ತಿಗೆ ಕಟ್ಟಡದಲ್ಲಿದ್ದವರು ಇನ್ನಿಬ್ಬರೇ: ಅಡುಗೆಯ ರೇಲೀನ್, ಆಟಗಾರರ ಮೈಕೈ ತಿಕ್ಕುವ ಡೆಸ್. ಉಳಿದವರೆಲ್ಲ ಬರುವುದು ಒಂಬತ್ತಕ್ಕೆ.

ಕತೆ ಕೇಳಿ ರೇಲೀನ್ ಸೌಟು ಕೆಳಗಿಟ್ಟಳು. "ಸತ್ತವನ ಹೆಸರು ಬರ್ದೆಯಾ? ಬೇರೆ ಯಾರೂ ಸಿಗಲಿಲ್ವಾ ನಿಂಗೆ? ನಮ್ಮ ಯಜಮಾನರ ಹೆಸರು ಬರೀಬಾರದಿತ್ತಾ? ಬೆಳಿಗ್ಗೆ ಆರರಿಂದ ಏಳು ಅವರೂ ಹಾಸಿಗೇಲಿ ಸತ್ತೋರ ಥರಾನೇ ಇರ್ತಾರೆ."

"ತಮಾಷೆ ಸಾಕು ಕಣಮ್ಮ. ಏನಾದ್ರೂ ದಾರಿ ಹೇಳು."

"ಅವಳನ್ನ ನಂಗೆ ಬಿಡು," ಎಂದು ರೇಲೀನ್ ಟೀ, ಉಪ್ಪುಪ್ಪಾದ ಕಪ್ಪು ವೆಜಿಮೈಟ್ ಸವರಿದ ಟೋಸ್ಟು ಹಿಡಿದು ಹೊರಟಳು. ಮಿಸ್ ಪ್ರಿಸ್ಕ್ ಯಾರ ಕೈಯಿಂದಲೂ ಏನನ್ನೂ ತೆಗೆದುಕೊಳ್ಳುವವಳಲ್ಲ. ತನ್ನ ಪೆಟ್ಟಿಗೆಯಿಂದಲೇ ಮುಚ್ಚಳ ಒಡೆಯದ ನೀರಿನ ಬಾಟಲಿ ತೆಗೆದು ಗುಟುಕರಿಸಿದಳು. ರೇಲೀನ್‌ಗೆ ಸುಮ್ಮನೆ ವಾಪಸು ಬರುವ ಅಭ್ಯಾಸವಿಲ್ಲ. "ಲೆಸ್ ತುಂಬ ಒಳ್ಳೆಯವನು ಮೇಡಂ," ಎಂದು ಶುರು ಮಾಡಿದಳು. "ನಿನ್ನೆ ಮಧ್ಯಾಹ್ನ ಮಾಂಸದ ಪೈ ಎರಡು ತಿಂದ. ಮೂರನೇದು ಬೇಕಾ ಅಂದೆ, ನಾಚಿಕೊಂಡ." ಮಿಸ್ ಪ್ರಿಸ್ಕ್ ಅದನ್ನೂ ಬರೆದುಕೊಂಡಳು.

ಇತ್ತ ಡೆಸ್ ಅಂಗಿ ಬಿಚ್ಚಿ ನಿಂತಿದ್ದ. "ನಾನೇ ಹೇಬರ್‌ಫೀಲ್ಡ್ ಆಗ್ತೀನಿ. ಜರ್ಸಿ ಕೊಡು. ಮೂತ್ರಕ್ಕೇನು ಹೆಸರು ಇರುತ್ತಾ?"

"ಫಾರಂನಲ್ಲಿ ಇಪ್ಪತ್ನಾಲ್ಕು ವರ್ಷ ಅಂತಿದೆ ಮಾರಾಯ. ನಿಂಗೆ ಐವತ್ತೆರಡು."

"ಕಷ್ಟಪಟ್ಟು ಬೆಳೆದವನು ಅನ್ನು."

ಇಪ್ಪತ್ತಾರನೇ ನಂಬರಿನ ಜರ್ಸಿ ಡೆಸ್‌ನ ಹೊಟ್ಟೆಯ ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಮೇಲಕ್ಕೂ ಬರದು, ಕೆಳಕ್ಕೂ ಬರದು. ಎರಡು ಕೈಯನ್ನೂ ಮೇಲೆತ್ತಿ, ಮುಖ ಬಟ್ಟೆಯೊಳಗೆ ಸಿಕ್ಕಿಕೊಂಡು ಅವನು ಓಣಿಯಲ್ಲಿ ತಡವರಿಸುತ್ತ ಬರುವಾಗ ಮಿಸ್ ಪ್ರಿಸ್ಕ್ ತಲೆ ಎತ್ತಿ ನೋಡಿದಳು. "ಇವರು ಯಾರು?"

"ಮೈ ತಿಕ್ಕೋನು," ಎಂದ ಮರ್ವಿನ್, ಬೇರೇನೂ ತೋಚದೆ.

"ಸರಿ. ಹೇಬರ್‌ಫೀಲ್ಡ್‌ಗೆ ಇನ್ನು ಹತ್ತು ನಿಮಿಷ ಇದೆ."

ಇದ್ದದ್ದನ್ನು ಇದ್ದಂತೆ ಹೇಳಿಬಿಡೋಣವೆಂದು ಮರ್ವಿನ್ ಬಾಯಿ ತೆರೆದ. ಅಷ್ಟರಲ್ಲಿ ಹೊರಗೆ ಮಂಜಿನೊಳಗಿಂದ ಧಬ್ ಎಂದು ಚೆಂಡು ಒದ್ದ ಸದ್ದು ಕೇಳಿತು. ಎಲ್ಲರೂ ಕಿವಿಗೊಟ್ಟರು. ಚೆಂಡು ನೆಲಕ್ಕೆ ಬಿದ್ದ ಸದ್ದು ಕೇಳಲೇ ಇಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಧಬ್.

ಮಿಸ್ ಪ್ರಿಸ್ಕ್ ಕಿಟಕಿಗೆ ಹೋದಳು. "ಬೇಲಿ ಹತ್ತಿರ ಇದ್ದಾರಲ್ಲ. ಇಪ್ಪತ್ತಾರು. ಮಿಸ್ಟರ್ ಹೇಬರ್‌ಫೀಲ್ಡ್, ಸ್ವಲ್ಪ ಬನ್ನಿ."

ಸುರಂಗದ ಸಿಮೆಂಟಿನ ಮೇಲೆ ಹೆಜ್ಜೆ ಸದ್ದು ಹತ್ತಿರವಾಯಿತು. ಮರ್ವಿನ್ ಮುಖ ನೋಡಲಿಲ್ಲ, ಅಭ್ಯಾಸದಂತೆ ಬೂಟು ನೋಡಿದ. ಕಣಕಾಲಿನ ಮೇಲಿನವರೆಗೆ ಬರುವ ದಪ್ಪ ತೊಗಲಿನ ಬೂಟು. ಅಡಿಗೆ ತೊಗಲಿನ ಪಟ್ಟಿಗಳನ್ನು ಕೈಯಿಂದ ಮೊಳೆ ಹೊಡೆದು ಕೂರಿಸಿದೆ. ಅಂಥ ಬೂಟು ಮಾಡುವವರು ಸತ್ತು ಎಷ್ಟೋ ಕಾಲವಾಗಿತ್ತು. ಅದರ ಕೆಸರು ಮಾತ್ರ ಹಸಿಯಾಗಿತ್ತು. ರೇಲೀನ್ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡಳು. ಜರ್ಸಿಯೊಳಗೆ ಮುಖ ಸಿಕ್ಕಿಕೊಂಡಿದ್ದ ಡೆಸ್ ಒಬ್ಬನೇ, "ಯಾರು ಬಂದಿದ್ದು? ಯಾರಾದ್ರೂ ಹೇಳ್ರೋ," ಎನ್ನುತ್ತಿದ್ದ.

ಬಂದವನು ಎದೆಗೆ ಲೇಸು ಕಟ್ಟಿದ ಉಣ್ಣೆಯ ಜರ್ಸಿ ತೊಟ್ಟಿದ್ದ. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು, ನೆಲ ಒದ್ದೆಯಾಗುತ್ತಿರಲಿಲ್ಲ. ಪಟದಲ್ಲಿದ್ದ ಮುಖವೇ. "ಆರು ಗಂಟೆಗೆ ಇಲ್ಲಿರಬೇಕು ಅಂತ ದಿನಾ ಬರ್ತಿದ್ದೆ," ಎಂದ ಮೆಲ್ಲಗೆ. "ಯಾರೂ ಕರೀಲಿಲ್ಲ. ಅದಕ್ಕೆ ಚೆಂಡು ಒದೀತಾ ಇದ್ದೆ."

"ಒಳ್ಳೇದು," ಎಂದಳು ಮಿಸ್ ಪ್ರಿಸ್ಕ್. ಅವಳ ಕಣ್ಣಿಗೆ ಮನುಷ್ಯರಲ್ಲಿ ಎರಡೇ ಬಗೆ: ಸಮಯಕ್ಕೆ ಸಿಕ್ಕವರು, ಸಿಗದವರು. "ಬಾಟಲಿ ತಗೊಳ್ಳಿ. ಜೊತೆಗೆ ಗಂಡಸರೊಬ್ಬರು ಸಾಕ್ಷಿ ಇರಬೇಕು. ಮಿಸ್ಟರ್ ಟಕ್‌ವೆಲ್, ನೀವು ಹೋಗಿ. ಕಣ್ಣು ತೆಗೀಬೇಡಿ."

ಆ ಐದು ನಿಮಿಷದ ಬಗ್ಗೆ ಮರ್ವಿನ್ ಆಮೇಲೆ ಯಾರ ಹತ್ತಿರವೂ ಹೆಚ್ಚು ಹೇಳಲಿಲ್ಲ. ಪಾಯಿಖಾನೆಯ ಕನ್ನಡಿಯಲ್ಲಿ ಕಾಣುತ್ತಿದ್ದವನು ತಾನೊಬ್ಬನೇ ಎಂಬುದಷ್ಟು ಅವನಿಗೆ ನೆನಪಿತ್ತು. ಪಕ್ಕದಲ್ಲಿ ನಿಂತಿದ್ದವನು, "ಭಾನುವಾರದಿಂದ ಮೂತ್ರ ಬಂದೇ ಇಲ್ಲ, ಸ್ವಲ್ಪ ತಡ ಆಗುತ್ತೆ," ಎಂದು ಸಂಕೋಚದಿಂದ ಹೇಳಿದ. ಕೊನೆಗೆ ಬಾಟಲಿ ತುಂಬಿತು. ಹೊರಗೆ ತರುವಷ್ಟರಲ್ಲಿ ಅದರ ಮೈಮೇಲೆ ಹಿಮ ಕಟ್ಟಿತ್ತು.

ಮಿಸ್ ಪ್ರಿಸ್ಕ್ ಮುಟ್ಟಿ ನೋಡಿದಳು. "ತುಂಬ ತಣ್ಣಗಿದೆ."

"ಚಳಿ ಜಾಸ್ತಿ ಮೇಡಂ ಇವತ್ತು," ಎಂದ ಮರ್ವಿನ್. ಅವಳು ಮುದ್ರೆ ಒತ್ತಿದಳು. ಏಳು ಗಂಟೆಗೆ ಇನ್ನೂ ಎರಡು ನಿಮಿಷವಿತ್ತು. ಕ್ಲಬ್ಬು ಉಳಿಯಿತು, ಶನಿವಾರ ಉಳಿಯಿತು. ಮರ್ವಿನ್‌ಗೆ ಆ ಸತ್ತವನನ್ನು ಅಪ್ಪಿಕೊಳ್ಳಬೇಕೆನ್ನುವಷ್ಟು ಪ್ರೀತಿ ಉಕ್ಕಿತು.

"ಕೊನೇ ಪ್ರಶ್ನೆ," ಎಂದಳು ಮಿಸ್ ಪ್ರಿಸ್ಕ್. "ಹಿಂದಿನ ಏಳು ದಿನದಲ್ಲಿ ಔಷಧಿ, ಮಾತ್ರೆ, ಟಾನಿಕ್ ಏನಾದ್ರೂ ತಗೊಂಡಿದ್ರಾ?"

ಎಲ್ಲ ಆಟಗಾರರೂ ಇಲ್ಲ ಎನ್ನುವ ಪ್ರಶ್ನೆ ಅದು. ಹೇಬರ್‌ಫೀಲ್ಡ್ ಹಳೆಯ ಕಾಲದ ಮನುಷ್ಯ, ಯೋಚಿಸಿ ಹೇಳಿದ. "ಶನಿವಾರ ಪಂದ್ಯಕ್ಕೆ ಮೊದಲು ಒಂದು ಚಮಚ ಟಾನಿಕ್ ಕೊಟ್ರು. ಬ್ರಾಂಡಿಯಲ್ಲಿ ಕಲಸಿ. ತುಂಬ ಕಹಿ. ಬಾಟ್ಲಿ ಮೇಲೆ ಸ್ಟ್ರಿಕ್ನಿನ್ ಅಂತ ಬರೆದಿತ್ತು. ಅರ್ಧ ಆಟಕ್ಕೆ ಕಾಲು ಸೆಟೆದುಕೊಂಡ್ವು. ಹೇಳಿದ್ದಕ್ಕೆ ಇನ್ನೊಂದು ಚಮಚ ಕೊಟ್ರು. ಭಾನುವಾರ ಬೆಳಿಗ್ಗೆ ದವಡೆ ಬಿಡಿಸೋಕೆ ಆಗ್ಲಿಲ್ಲ."

ಇಲಿಗೆ ಇಡುವ ಆ ವಿಷವನ್ನು ಹಿಂದೆ ಹನಿ ಹನಿಯಾಗಿ ಕುಡಿಸಿ ಓಡಿಸುತ್ತಿದ್ದರೆಂದು ಮರ್ವಿನ್ ಕೇಳಿದ್ದ. ನೂರು ವರ್ಷದಿಂದ ಕ್ಲಬ್ಬು ಶೀತ, ಶೀತ ಎಂದು ಪಟದ ಕೆಳಗೆ ಬರೆದುಕೊಂಡು ಬಂದಿದೆ. ಇಪ್ಪತ್ನಾಲ್ಕರ ಹುಡುಗ, ಕೊಟ್ಟದ್ದನ್ನು ನಂಬಿ ಬಾಯಿ ತೆರೆದಿದ್ದ.

"ಯಾರು ಕೊಟ್ಟಿದ್ದು?" ಮಿಸ್ ಪ್ರಿಸ್ಕ್ ಪೆನ್ನು ಎತ್ತಿ ಹಿಡಿದಿದ್ದಳು.

"ಬೂಟಿನವರು," ಎಂದು ಹೇಬರ್‌ಫೀಲ್ಡ್ ಮರ್ವಿನ್‌ನತ್ತ ಬೆರಳು ತೋರಿದ. ಮುಖದಲ್ಲಿ ಕೋಪವೇನೂ ಇರಲಿಲ್ಲ. "ಇವರೇ."

ಮರ್ವಿನ್ ಒಂದು ಹೆಜ್ಜೆ ಹಿಂದೆ ಸರಿದ. "ಮೇಡಂ, ಅದು ನಾನಲ್ಲ. ಅದು ಯಾವ ಕಾಲದ ಶನಿವಾರ ಅಂದ್ರೆ..."

"ಯಾವ ಕಾಲದ್ದು? ಇವರಿಗೆ ಇಪ್ಪತ್ನಾಲ್ಕು ವರ್ಷ ಅಂತ ಫಾರಂ ತುಂಬಿದ್ದು ನೀವು. ಅದು ಸುಳ್ಳಾದ್ರೆ ಈಗಲೇ ಹೇಳಿ. ಸುಳ್ಳು ಫಾರಂ ಕ್ಲಬ್ಬಿನ ತಪ್ಪು. ಶನಿವಾರದ ಪಂದ್ಯ ಹೋಗುತ್ತೆ."

"ಸುಳ್ಳಲ್ಲ ಅಂದ್ರೆ?"

"ಆಗ ಕೊಟ್ಟವರದೊಂದೇ ತಪ್ಪು. ತಿಳಿಯದೆ ಕುಡಿದ ಆಟಗಾರ ನಿರ್ದೋಷಿ, ಸಹಕರಿಸಿದ ಕ್ಲಬ್ಬೂ ನಿರ್ದೋಷಿ. ಕೊಟ್ಟವರು ಮಾತ್ರ ಜೀವಮಾನ ಪರ್ಯಂತ ಯಾವ ಮೈದಾನದ ಬೇಲಿಯೊಳಗೂ ಕಾಲಿಡುವಂತಿಲ್ಲ. ನೋಡೋಕೂ ಇಲ್ಲ."

ರೇಲೀನ್ ಅವನ ತೋಳು ಹಿಡಿದು ಪಿಸುಗುಟ್ಟಿದಳು. "ನಿಜ ಹೇಳಿಬಿಡು ಮರ್ವ್. ನೀನು ಹುಟ್ಟೇ ಇರಲಿಲ್ಲ ಆಗ."

ಮರ್ವಿನ್ ಕೋಣೆಯ ಸುತ್ತ ನೋಡಿದ. ಶನಿವಾರಕ್ಕೆಂದು ತಿಕ್ಕಿಟ್ಟ ಬೂಟುಗಳು ಜೋಡಿ ಜೋಡಿಯಾಗಿ ಸಾಲಿನಲ್ಲಿದ್ದವು. ಎರಡು ವರ್ಷದ ಹಿಂದೆ ಇದೇ ಓಣಿಯಲ್ಲಿ ಇನ್ನೊಂದು ಸಾಲು ನಿಂತಿತ್ತು, ತೋಳು ಮಡಚಿಕೊಂಡು, ಕೊಟ್ಟದ್ದನ್ನು ನಂಬಿಕೊಂಡು. ಆಗ ಅವನು ಬಾಗಿಲು ಹಾಕಿಕೊಂಡಿದ್ದ. ಅವನಿಗೆ ನಾಚಿಕೆಯಾಯಿತು, ದುಃಖವೂ ಆಯಿತು. ಪೆನ್ನು ತೆಗೆದುಕೊಂಡು, ಟಾನಿಕ್ ಕೊಟ್ಟವರು ಎಂಬಲ್ಲಿ ರುಜು ಹಾಕಿದ.

"ಕೀಲಿಕೈ ಇಲ್ಲೇ ಬಿಟ್ಟು ಹೋಗಿ," ಎಂದು ಮಿಸ್ ಪ್ರಿಸ್ಕ್ ಪೆಟ್ಟಿಗೆ ಮುಚ್ಚಿದಳು. ಹೇಬರ್‌ಫೀಲ್ಡ್‌ಗೆ ಒಂದು ಪ್ರತಿ ಕೊಟ್ಟು, "ನೀವು ಶನಿವಾರ ಆಡಬಹುದು," ಎಂದು ಹೇಳಿ ಮಂಜಿನಲ್ಲಿ ಹೊರಟುಹೋದಳು.

ಮರ್ವಿನ್ ಕೋಟು ಹಾಕಿಕೊಂಡ. ಕೀಲಿಕೈಯನ್ನು ಬೆಂಚಿನ ಮೇಲಿಟ್ಟ. "ಜೀವಮಾನ ಪರ್ಯಂತ," ಎಂದು ತನಗೆ ತಾನೇ ಹೇಳಿಕೊಂಡ.

ಇಪ್ಪತ್ತಾರನೇ ಕಪಾಟಿನ ಮುಂದೆ ಕೂತು ಲೇಸು ಬಿಗಿಯುತ್ತಿದ್ದ ಹೇಬರ್‌ಫೀಲ್ಡ್ ತಲೆ ಎತ್ತಿದ. ಮರ್ವಿನ್‌ನ ಮುಖ ನೋಡಿ ಅವನಿಗೆ ನಿಜಕ್ಕೂ ಕನಿಕರವಾದಂತಿತ್ತು.

"ಬೇಜಾರು ಮಾಡ್ಕೋಬೇಡಿ," ಎಂದ. "ಜೀವಮಾನ ಅಂದ್ರೆ ಏನೂ ಬಹಳ ದಿನ ಅಲ್ಲ. ಆಮೇಲೆ ಒಳಗೆ ಬಿಡ್ತಾರೆ. ನನ್ನನ್ನೂ ಬಿಟ್ರು. ಆವತ್ತು ಆಡಿದೋರು ಹದಿನೆಂಟು ಜನಾನೂ ಇಲ್ಲೇ ಇದ್ದೀವಿ. ಬೂಟಿನವರು ಒಬ್ಬರೇ ಬಂದಿಲ್ಲ ಅಂತ ಎಲ್ಲರೂ ಕಾಯ್ತಾ ಇದ್ದೀವಿ."

ಹೊರಗೆ ಮಂಜಿನಲ್ಲಿ ಧಬ್ ಎಂದು ಒಂದು ಸದ್ದಾಯಿತು. ಹೇಬರ್‌ಫೀಲ್ಡ್ ಇನ್ನೂ ಕೂತೇ ಇದ್ದ.

ಮರ್ವಿನ್ ಹಿಂದೆ ತಿರುಗಿ ನೋಡದೆ ಗೇಟು ದಾಟಿದ. ಎದುರಿನ ಟ್ರಾಮ್ ರಸ್ತೆಯನ್ನು ಅವನು ಮೂವತ್ತೊಂದು ವರ್ಷದಿಂದ ಕಣ್ಣು ಮುಚ್ಚಿಕೊಂಡು ದಾಟುತ್ತಿದ್ದ. ಅಂದು ಅಂಚಿನಲ್ಲಿ ನಿಂತು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಮತ್ತೆ ಎಡಕ್ಕೆ ನೋಡಿದ. ಮಂಜು ಪೂರ್ತಿ ಕರಗುವವರೆಗೆ ಅಲ್ಲೇ ನಿಂತಿದ್ದು, ಆಮೇಲೆ ದಾಟಿದ.