ಹನುಮಂತನಪಟ್ಟಿಯ ಗಾಂಬಿಯಾ

ಆಫ್ರಿಕಾದ ಅಧಿಕಾರಿಯೊಬ್ಬರು ಅಂದು ಹತ್ತು ಗಂಟೆಗೆ ರಾಮಸಾಮಿಯ ದ್ರಾಕ್ಷಿ ತೋಟ ನೋಡಲು ಬರುತ್ತಾರೆ ಎಂಬ ಸುದ್ದಿ ಕಾಳಿಮುತ್ತುವಿನ ಕಿವಿಗೆ ಬಿದ್ದಾಗ ಅವನ ಬಾಯಲ್ಲಿ ಇಡ್ಲಿ ಇತ್ತು. ಅದು ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ಪೆರುಮಾಳನ ಟೀ ಅಂಗಡಿಯಲ್ಲಿ ಕೂತಿದ್ದವರೆಲ್ಲ ತಮ್ಮ ತಮ್ಮ ಲೋಟ ಕೆಳಗಿಟ್ಟು ಅವನ ಮುಖವನ್ನೇ ನೋಡತೊಡಗಿದರು.

"ಯಾವ ದೇಶದವ್ರಂತೆ?" ನೀರು ಕುಡಿದು ಇಡ್ಲಿಯನ್ನು ಇಳಿಸಿಕೊಂಡ ಮೇಲೆ ಕಾಳಿಮುತ್ತು ಕೇಳಿದ.

"ಅದ್ರಲ್ಲೇ ಇರೋದು ತಮಾಸೆ. ನಿನ್ನ ದೇಶದವ್ರೇ ಕಣಪ್ಪಾ!" ಎಂದ ಪೆರುಮಾಳ್. "ಗಾಂಬಿಯಾ!"

ಅಂಗಡಿಯಲ್ಲಿ ಕೂತವರೆಲ್ಲ ಗೊಳ್ಳೆಂದು ನಕ್ಕರು. ಕಾಳಿಮುತ್ತು ಕಾಸು ಇಟ್ಟು ಎದ್ದವನು, ಅರ್ಧ ದಾರಿಗೆ ಬಂದ ಮೇಲೆ ಟವಲು ಅಲ್ಲೇ ಬಿಟ್ಟಿರುವುದು ನೆನಪಾಗಿ ವಾಪಸ್ ಹೋದ. ಅವರು ಇನ್ನೂ ನಗುತ್ತಿದ್ದರು.

ಈ ನಗುವಿಗೆ ಎರಡು ವರ್ಷ ವಯಸ್ಸಾಗಿತ್ತು. ಆಫ್ರಿಕಾದಲ್ಲಿ ಗಾಂಬಿಯಾ ಎಂಬ ಪುಟ್ಟ ದೇಶಕ್ಕೆ ಸ್ವಾತಂತ್ರ್ಯ ಬಂತೆಂದು ಜೆಯರಾಜ್ ವಾತ್ಯಾರ್ ಇದೇ ಅಂಗಡಿಯಲ್ಲಿ ಪೇಪರ್ ಓದಿ ಹೇಳಿದ್ದರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವರು. ಹೇಳಿದ್ದನ್ನು ಬರೆದು ತೋರಿಸದಿದ್ದರೆ ಅವರಿಗೆ ಸಮಾಧಾನವಿಲ್ಲ. ಚೆಲ್ಲಿದ ಟೀಯಲ್ಲಿ ಬೆರಳದ್ದಿ ಬೆಂಚಿನ ಮೇಲೆ ನಕ್ಷೆ ಬರೆದರು. ನಡುವೆ ಒಂದು ಹೊಳೆ. ಹೊಳೆಯ ಎರಡು ದಡಕ್ಕೂ ಒಂದೊಂದು ಪಟ್ಟಿ ನೆಲ. ದೇಶ ಅಂದರೆ ಅಷ್ಟೇ. ಒಂದು ತುದಿಗೆ ಸಮುದ್ರ, ಉಳಿದ ಮೂರು ದಿಕ್ಕಿಗೂ ಸೆನೆಗಲ್ ಎಂಬ ದೊಡ್ಡ ದೇಶ.

"ವಾತ್ಯಾರೇ, ಇದು ನನ್ನ ತೋಟ ಅಲ್ವಾ!" ಎಂದು ಕಾಳಿಮುತ್ತು ಕೂಗಿಬಿಟ್ಟಿದ್ದ.

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವನ ಮಾವನಿಗೆ ಇಬ್ಬರೇ ಹೆಣ್ಣುಮಕ್ಕಳು. ದೊಡ್ಡವಳು ವೆಳ್ಳೈಯಮ್ಮಾಳ್ ರಾಮಸಾಮಿಯನ್ನು ಮದುವೆಯಾದಾಗ ಮಾವ ಕೈಬಿಚ್ಚಿ ಹನ್ನೆರಡು ಎಕರೆ ಕೊಟ್ಟರು. ಚಿಕ್ಕವಳಾದ ಓಚ್ಚಮ್ಮಾಳನ್ನು ಕಾಳಿಮುತ್ತುವಿಗೆ ಕೊಡುವ ಹೊತ್ತಿಗೆ ಉಳಿದಿದ್ದು ವಾಯ್ಕಾಲಿನ, ಅಂದರೆ ನೀರಿನ ಕಾಲುವೆಯ, ಎರಡು ಬದಿಗೂ ಇದ್ದ ಒಂದು ಪಟ್ಟಿ ನೆಲ. ಅದರ ಒಂದು ತುದಿ ಕಂಬಂ ಪೇಟೆಗೆ ಹೋಗುವ ರಸ್ತೆಗೆ ತಾಗಿತ್ತು, ಉಳಿದ ಮೂರು ಕಡೆ ಷಡ್ಡಕ ರಾಮಸಾಮಿಯ ದ್ರಾಕ್ಷಿ ಚಪ್ಪರ. ರಾಮಸಾಮಿಯ ಗಾಡಿಗಳು ರಸ್ತೆಗೆ ಹೋಗಬೇಕಾದರೆ ಕಾಳಿಮುತ್ತುವಿನ ಮನೆಯ ಮುಂದಿನಿಂದಲೇ ಹೋಗಬೇಕು.

"ಸೆನೆಗಲ್ ಲಾರಿಗಳಿಗೂ ಇದೇ ಪಾಡು," ಎಂದು ವಾತ್ಯಾರ್ ಮುಂದುವರಿಸಿದ್ದರು. "ತಮ್ಮ ದೇಶದ ಈ ಕಡೆಯಿಂದ ಆ ಕಡೆಗೆ ನೇರ ಹೋಗ್ಬೇಕಂದ್ರೆ ಗಾಂಬಿಯಾದ ಹೊಳೆ ದಾಟ್ಬೇಕು. ದೋಣಿ ಬರೋವರೆಗೂ ದಡದಲ್ಲಿ ಕಾದು ನಿಂತಿರ್ಬೇಕು."

ದೊಡ್ಡವನು ಚಿಕ್ಕವನ ಬಾಗಿಲಲ್ಲಿ ಕಾದು ನಿಲ್ಲುವುದು! ಆ ರಾತ್ರಿ ಕಾಳಿಮುತ್ತುವಿಗೆ ಸಂತೋಷದಿಂದ ನಿದ್ದೆ ಬರಲಿಲ್ಲ. ಅಂದಿನಿಂದ ಅವನ ತೋಟಕ್ಕೆ ಗಾಂಬಿಯಾ ಎಂದೇ ಹೆಸರಾಯಿತು. ಊರವರು ಗೇಲಿಗೆ ಕರೆದರು, ಅವನು ಗಂಭೀರವಾಗಿ ತೆಗೆದುಕೊಂಡ. ಪೇಪರಿನಲ್ಲಿ ಗಾಂಬಿಯಾ ಸುದ್ದಿ ಬಂದಿದೆಯೇ ಎಂದು ದಿನವೂ ವಾತ್ಯಾರನ್ನು ಪೀಡಿಸುತ್ತಿದ್ದ. ಐಕ್ಯರಾಷ್ಟ್ರ ಸಭೆಯಲ್ಲಿ ಅದಕ್ಕೂ ಸೆನೆಗಲ್‌ಗೂ ಒಂದೊಂದೇ ಓಟು ಎಂದು ತಿಳಿದ ದಿನ ಅಂಗಡಿಯಲ್ಲಿದ್ದವರಿಗೆಲ್ಲ ಟೀ ಕೊಡಿಸಿದ್ದ.

ಆದರೆ ಹನುಮಂತನಪಟ್ಟಿಯ ಸೆನೆಗಲ್ ಯಾರನ್ನೂ ಕಾಯುತ್ತಿರಲಿಲ್ಲ. ಹದಿನೈದು ವರ್ಷದಿಂದ ರಾಮಸಾಮಿಯ ಗಾಡಿಗಳು ಗಡಗಡನೆ ಹೋಗುತ್ತಿದ್ದವು. ಒಂದು ದಿನವೂ ಅವನು ಬಂದು "ಹೋಗ್ಲಾ ತಂಬಿ?" ಎಂದು ಕೇಳಿದವನಲ್ಲ. ಅವನ ಟ್ರಾನ್ಸಿಸ್ಟರ್, ಅವನ ಪಂಪ್‌ಸೆಟ್, ಅವನ ಗೊಂಚಲುಗಳ ಗಾತ್ರ, ಎಲ್ಲವೂ ಕಾಳಿಮುತ್ತುವಿನ ಹೊಟ್ಟೆ ಉರಿಸುತ್ತಿದ್ದವು. ಅವನು ಕೆಮ್ಮಿದರೂ ಆ ಕೆಮ್ಮಿನಲ್ಲಿ ಹನ್ನೆರಡು ಎಕರೆಯ ಗತ್ತು ಕೇಳಿಸುತ್ತಿತ್ತು. ಅದನ್ನೆಲ್ಲ ಸಹಿಸಬಹುದಿತ್ತು. ಒಂದೇ ಒಂದು ಸಲ ತನ್ನ ಬಾಗಿಲಿಗೆ ಬಂದು ಕೇಳಲಿ, ಅಷ್ಟೇ ಕಾಳಿಮುತ್ತುವಿನ ಆಸೆ. ಕೇಳಿದರೆ ಕೊಡಬೇಕಾದ ಉತ್ತರವೂ ಸಿದ್ಧವಾಗಿತ್ತು: "ಅದಕ್ಕೇನಣ್ಣಾ, ನಿಮ್ಮದೇ ಅಂತ ತಿಳ್ಕೊಳ್ಳಿ." ಸ್ನಾನ ಮಾಡುವಾಗ ಇದನ್ನು ಎಷ್ಟೋ ಸಲ ಹೇಳಿ ಅಭ್ಯಾಸ ಮಾಡಿದ್ದ.

ಈಗ ನೋಡಿದರೆ ಸ್ವಂತ ಗಾಂಬಿಯಾದವನೇ ಬರುತ್ತಿದ್ದಾನೆ, ಅದೂ ಸೆನೆಗಲ್ ಮನೆಗೆ ಊಟಕ್ಕೆ!

ಮನೆಗೆ ಬಂದರೆ ಓಚ್ಚಮ್ಮಾಳ್ ತಲೆಯ ಮೇಲೆ ಪಣಿಯಾರದ ಗುಳಿಗಲ್ಲು ಹೊತ್ತು, ಕೈಯಲ್ಲಿ ನಾಲ್ಕು ಹಿತ್ತಾಳೆ ಲೋಟ ಹಿಡಿದು ಹೊರಟಿದ್ದಳು.

"ಎಲ್ಲಿಗೆ?"

"ಅಕ್ಕನ ಮನೆಗೆ. ಪರದೇಶದವ್ರು ಬತ್ತಾರಲ್ಲ, ಪಣಿಯಾರ ಸುಡ್ಬೇಕು. ಅವ್ಳ ಕಲ್ಲಲ್ಲಿ ಅಂಟ್ಕೊಳ್ತದೆ."

"ನಮ್ಮ ಕಲ್ಲು ಅಲ್ಲಿಗೆ ಹೋಗ್ಬಾರ್ದು!"

"ಹದಿನೈದು ವರ್ಷದಿಂದ ಹೋಗ್ತಾ ಬತ್ತಾ ಇದೆ. ಇವತ್ತೇನು ಅದಕ್ಕೆ ಕಾಲು ನೋವಾ?" ಎಂದು ಅವಳು ನಡೆದೇಬಿಟ್ಟಳು. ತನ್ನ ಕಲ್ಲು, ತನ್ನ ಲೋಟ, ತನ್ನ ಹೆಂಡತಿ, ಎಲ್ಲವೂ ಸಾಲಾಗಿ ಗಡಿ ದಾಟಿ ಹೋಗುವುದನ್ನು ಕಾಳಿಮುತ್ತು ನಿಂತು ನೋಡಿದ. ಮೈಯೆಲ್ಲ ಉರಿದುಹೋಯಿತು.

ದೀಪಾವಳಿಯ ಬಿಳಿ ಅಂಗಿ ತೊಟ್ಟ. ಉಪಾಯ ಸರಳವಾಗಿತ್ತು. ದಾರಿ ಮುಚ್ಚಬೇಕು. ಜೀಪು ತನ್ನ ಮನೆಯೆದುರೇ ನಿಲ್ಲುತ್ತದೆ. ಅತಿಥಿ ಇಳಿಯುತ್ತಾರೆ. ತನ್ನ ಹಗ್ಗದ ಮಂಚದ ಮೇಲೆ ಕೂರುತ್ತಾರೆ. ಅಷ್ಟು ಹೊತ್ತಿಗೆ ರಾಮಸಾಮಿ ಓಡಿಬಂದು ಕೇಳಲೇಬೇಕು.

ಕರುವೇಲ ಜಾಲಿಯ ಮುಳ್ಳು ಎಳೆತಂದು ದಾರಿಗೆ ಅಡ್ಡ ಹಾಕಿದ. ಮುಳ್ಳು ಮೊದಲು ಅಂಗಿಯ ತೋಳನ್ನು ಹಿಡಿಯಿತು, ಆಮೇಲೆ ಹಿಮ್ಮಡಿಯನ್ನು. ಮುಳ್ಳೊಂದೇ ಸಾಲದೆಂದು ವಾಯ್ಕಾಲಿನ ತೂಬು ತೆರೆದು ದಾರಿಗೆ ನೀರು ಬಿಟ್ಟ. ನೀರಿಗೆ ಹೊಟ್ಟೆಕಿಚ್ಚು ಗೊತ್ತಿಲ್ಲ, ಇಳಿಜಾರು ಮಾತ್ರ ಗೊತ್ತು. ಅರ್ಧ ದಾರಿಯಲ್ಲಿ ನಿಂತು ಕೆಸರಾಯಿತು, ಇನ್ನರ್ಧ ಅವನ ಕೊಟ್ಟಿಗೆಗೆ ನುಗ್ಗಿತು. ಎಮ್ಮೆ ಬಹಳ ದಿನದ ಮೇಲೆ ಒಳ್ಳೆಯದೊಂದು ನಡೆಯಿತೆಂಬಂತೆ ಅದರಲ್ಲಿ ಮಲಗಿತು. ಅದನ್ನು ಎಬ್ಬಿಸಲು ಹೋದ ಕಾಳಿಮುತ್ತು ಜಾರಿ ಅದರ ಪಕ್ಕದಲ್ಲೇ ಬಿದ್ದ.

ಅದೇ ಹೊತ್ತಿಗೆ ಜೀಪು ಬಂತು.

ಮುಂದೆ ಕೂತಿದ್ದ ಕೃಷಿ ಇಲಾಖೆಯ ಆಫೀಸರ್ ಇಳಿದು, ಕೆಸರು ಮೆತ್ತಿ ನಿಂತಿದ್ದವನನ್ನು ನೋಡಿ ತೋಟದ ಆಳೆಂದುಕೊಂಡರು. "ಯೋವ್, ಮುಳ್ಳು ತೆಗಿಯೋ, ಸೀಕಿರ, ಬೇಗ!"

"ತೆಗಿಯಲ್ಲ. ಇದು ನನ್ನ ಜಾಗ. ಇಲ್ಲಿ ಗಾಂಬಿಯಾ!"

"ಏನ್ ಬಿಯಾ?"

ಹಿಂದಿನ ಸೀಟಿನಿಂದ ಜೆಯರಾಜ್ ವಾತ್ಯಾರ್ ಇಳಿದರು. ದುಭಾಷಿ ಕೆಲಸಕ್ಕೆ ಅವರನ್ನೇ ಕರೆದುತಂದಿದ್ದರು. ಅವರ ಜೊತೆ ಎತ್ತರದ, ಕನ್ನಡಕ ಹಾಕಿದ, ಇಸ್ತ್ರಿ ಮಡಿಕೆ ಕೆಡದ ಷರ್ಟಿನ ವ್ಯಕ್ತಿಯೊಬ್ಬರು ಇಳಿದರು. ಅವರೇ ಗಾಂಬಿಯಾದ ಜಾಲೋ. ದಿಂಡುಕ್ಕಲ್ ಕಡೆ ಮೂರು ತಿಂಗಳ ವ್ಯವಸಾಯ ತರಬೇತಿಗೆ ಬಂದವರು. ಏನು ವಿಷಯವೆಂದು ಅವರು ಕೇಳಿದರು. ವಾತ್ಯಾರ್ ಇಂಗ್ಲಿಷಿನಲ್ಲಿ ಎಲ್ಲ ಹೇಳಿದರು. ವಾಯ್ಕಾಲು ತೋರಿಸಿದರು, ಮೂರು ದಿಕ್ಕಿಗೂ ಕೈ ಬೀಸಿದರು, ಕೊನೆಗೆ ಕಾಳಿಮುತ್ತುವನ್ನು ತೋರಿಸಿದರು. ಜಾಲೋ ಮೊದಲು ಕಣ್ಣರಳಿಸಿದರು. ಆಮೇಲೆ ಜೀಪಿನ ಬಾನೆಟ್ ಹಿಡಿದುಕೊಂಡು, ಕನ್ನಡಕ ತೆಗೆದು ಕಣ್ಣೊರಸಿಕೊಳ್ಳುವಷ್ಟು ನಕ್ಕರು. ಕೆಸರು ಲೆಕ್ಕಿಸದೆ ಮುಂದೆ ಬಂದು ಕಾಳಿಮುತ್ತುವಿನ ಕೈ ಹಿಡಿದು ಕುಲುಕಿದರು.

ಕಾಳಿಮುತ್ತು ಆ ಕೈ ಬಿಡಲೇ ಇಲ್ಲ. "ಒಳಗೆ ಬನ್ನಿ ಅಂತ ಹೇಳಿ ವಾತ್ಯಾರೇ. ಮಂಚ ಇದೆ."

"ಹತ್ತೇ ನಿಮಿಷ ನೋಡ್ತೀನಿ," ಎಂದು ಆಫೀಸರ್ ಗಡಿಯಾರ ನೋಡಿಕೊಂಡರು. "ದಾರಿ ಬಿಡದಿದ್ರೆ ವಾಪಸ್. ಉತ್ತಮಪಾಳಯದಲ್ಲಿ ಇನ್ನೊಂದು ತೋಟ ಇದೆ."

ಜಾಲೋ ವಾತ್ಯಾರನ್ನು ಪಕ್ಕಕ್ಕೆ ಕರೆದು ಏನೋ ಕೇಳಿದರು. ವಾತ್ಯಾರ್ ಏನೋ ಹೇಳಿದರು. ಅವರು ಮತ್ತೆ ಉದ್ದಕ್ಕೆ ಏನೋ ಹೇಳಿದರು.

"ಏನಂದ್ರು?" ಎಂದ ಕಾಳಿಮುತ್ತು.

"ನಿನ್ನ ಎಮ್ಮೆ ಚೆನ್ನಾಗಿದೆ ಅಂದ್ರು," ಎಂದು ಹೇಳಿ ವಾತ್ಯಾರ್ ಧೋತಿ ಎತ್ತಿಕಟ್ಟಿ ಬದುವಿನ ಮೇಲೆ ರಾಮಸಾಮಿಯ ತೋಟದ ಕಡೆ ಓಡಿದರು.

ಐದು ನಿಮಿಷಕ್ಕೆ ರಾಮಸಾಮಿ ಬಂದ. ಹೆಗಲ ಮೇಲಿನ ಜರಿ ಟವಲನ್ನು ಸೊಂಟಕ್ಕೆ ಸುತ್ತಿಕೊಂಡು, ಮನೆಯ ಹೊಸ್ತಿಲ ಹೊರಗೆ ಕೈಮುಗಿದು ನಿಂತ. ಕಾಳಿಮುತ್ತು ಒಳಗೆ ಹೋಗಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಹದಿನೈದು ವರ್ಷ ಕಾದ ಗಳಿಗೆ! ಉತ್ತರ ನಾಲಿಗೆಯ ತುದಿಗೆ ಬಂದು ಕೂತಿತ್ತು.

"ತಂಬಿ, ನಿನ್ನ ಬಾಗ್ಲಿಗೆ ಬಂದಿದೀನಿ. ಒಂದು ಉಪಕಾರ ಮಾಡ್ಬೇಕು."

"ಹೇಳಿ ಅಣ್ಣಾ."

ರಾಮಸಾಮಿ ಸುತ್ತ ನೋಡಿ ದನಿ ತಗ್ಗಿಸಿದ. "ಮುಳ್ಳು ಮಾತ್ರ ತೆಗಿಬೇಡ."

ಉತ್ತರವನ್ನು ಕಾಳಿಮುತ್ತು ನುಂಗಿಕೊಂಡ. "ಏನು?"

"ಚಪ್ಪರಕ್ಕೆಲ್ಲ ಬೂದಿ ರೋಗ ಬಂದ್ಬಿಟ್ಟಿದೆ ತಂಬಿ. ಗೊಂಚಲೆಲ್ಲ ಹಿಟ್ಟು ಚೆಲ್ಲಿದ ಹಂಗಿದೆ. ಪರದೇಶದವ್ರು ನೋಡಿದ್ರೆ ಮಾನ ಹೋಗ್ತದೆ, ಫೋಟೊ ಬೇರೆ ತೆಗಿತಾರಂತೆ. ನೀನು ಮುಚ್ಚಿದ್ದೇ ದೇವ್ರು ಬಂದಂಗಾಯ್ತು. ಹತ್ತು ನಿಮಿಷ ಹಿಂಗೇ ಬಿಡು, ಅವ್ರು ಹೋಗ್ಲಿ. ಕೈ ಮುಗಿತೀನಿ."

"ನೋಡೋಣ ಅಣ್ಣಾ," ಎಂದ ಕಾಳಿಮುತ್ತು, ಮುಖ ಗಂಟಿಕ್ಕಿಕೊಂಡು. ಒಳಗೊಳಗೇ ಅವನಿಗೆ ಪಾಯಸ ಕುಡಿದಷ್ಟು ಖುಷಿ. ತಾಲ್ಲೂಕು ಪ್ರದರ್ಶನದಲ್ಲಿ ಮೊದಲ ಬಹುಮಾನ ಪಡೆದ ಚಪ್ಪರಕ್ಕೆ ಬೂದಿ! ಅದನ್ನು ಪರದೇಶದವರು ನೋಡದೆ ಹೋಗುವುದೆಂದರೇನು?

ರಾಮಸಾಮಿಯ ಬೆನ್ನು ಬದುವಿನಾಚೆ ಮರೆಯಾಗುವುದೇ ತಡ, ಕಾಳಿಮುತ್ತು ಬರಿಗೈಯಲ್ಲಿ ಮುಳ್ಳು ಕಿತ್ತೆಸೆದ. ಜೀಪು ಅರ್ಧ ಅಡಿ ಹೋಗಿ ಕೆಸರಿನಲ್ಲಿ ಕುಸಿಯಿತು. ಆಫೀಸರ್ ಗಡಿಯಾರ ನೋಡಿದರು.

"ಇರಿ ಸಾರ್! ಒಂದು ನಿಮಿಷ!" ಎನ್ನುತ್ತ ಕಾಳಿಮುತ್ತು ಹಲಗೆಗಾಗಿ ಸುತ್ತಲೂ ಹುಡುಕಿದ. ಹಲಗೆ ಎಲ್ಲೂ ಇರಲಿಲ್ಲ. ಮನೆಯ ಬಾಗಿಲಿತ್ತು. ಅದನ್ನು ತಿರುಗಣೆಯಿಂದ ಎತ್ತಿ ತಂದು ಚಕ್ರದ ಕೆಳಗೆ ಹಾಸಿದ. ಜೀಪು ಅದರ ಮೇಲೆ ಹತ್ತಿ, ಅದನ್ನು ಲಟಲಟನೆ ಮುರಿದು, ದಾಟಿಹೋಯಿತು. ಕಾಳಿಮುತ್ತು ಹಿಂತಿರುಗಿಯೂ ನೋಡಲಿಲ್ಲ. ಜೀಪಿನ ಮುಂದೆ ಕುಂಟುತ್ತ ಓಡಿ, "ಇತ್ಲಾಗೆ ಬನ್ನಿ ಸಾರ್, ಇತ್ಲಾಗೆ!" ಎಂದು ತಾನೇ ದಾರಿ ತೋರಿಸಿದ.

ರಾಮಸಾಮಿಯ ಚಪ್ಪರದ ಕೆಳಗೆ ಊರಿಗೆ ಊರೇ ಸೇರಿತ್ತು. ಕಾಳಿಮುತ್ತು ತಲೆಯೆತ್ತಿ ನೋಡಿದ. ಪನ್ನೀರ್ ತಳಿಯ ದ್ರಾಕ್ಷಿ ಕಪ್ಪಗೆ, ದುಂಡಗೆ, ಮಿರಮಿರನೆ ತೂಗುತ್ತಿತ್ತು. ಒಂದು ಗೊಂಚಲು ತಿರುಗಿಸಿದ. ಎಲೆ ಮಗುಚಿದ. ಮುಂದಿನ ಕಂಬಕ್ಕೆ ಹೋಗಿ ಅಲ್ಲೂ ನೋಡಿದ. ಬೆರಳಿಂದ ಉಜ್ಜಿದ. ಬೂದಿಯಿರಲಿ, ಧೂಳೂ ಇರಲಿಲ್ಲ.

"ಏನು ಹುಡುಕ್ತಾ ಇದ್ದೀಯ ತಂಬಿ?" ಎಂದ ರಾಮಸಾಮಿ ನಗು ತಡೆದುಕೊಂಡು.

ಕಾಳಿಮುತ್ತು ವಾತ್ಯಾರ ಅಂಗಿ ಹಿಡಿದ. "ಏನಿದು?"

"ನನ್ನನ್ನ ಯಾಕಪ್ಪಾ ಹಿಡೀತಿ? ಉಪಾಯ ಅವ್ರದು," ಎಂದು ವಾತ್ಯಾರ್ ಜಾಲೋರನ್ನು ತೋರಿಸಿದರು. "ಈ ಮನುಷ್ಯನಿಗೆ ಏನು ಬೇಕು ಅಂತ ಕೇಳಿದ್ರು. ದೊಡ್ಡವನು ಬಂದು ಬಾಗ್ಲಲ್ಲಿ ನಿಂತು ಕೇಳ್ಬೇಕು ಅಂತಾನೆ, ಆದ್ರೆ ಕೇಳಿದ್ದನ್ನ ಕೊಡಕ್ಕೆ ಹೊಟ್ಟೆಕಿಚ್ಚು ಬಿಡಲ್ಲ ಅಂದೆ. ಹಂಗಿದ್ರೆ ಮುಳ್ಳು ತೆಗಿಬೇಡ ಅಂತ ಕೇಳ್ಲಿ, ಇವ್ನು ತಾನಾಗೇ ತೆಗಿತಾನೆ ಅಂದ್ರು."

"ನಮ್ಮ ದೇಶದವ್ರು ಹಿಂಗೆ ಮಾಡ್ಬಹುದಾ?" ಕಾಳಿಮುತ್ತುವಿನ ದನಿ ಅಳುವವನ ದನಿಯಂತಾಯಿತು.

ವಾತ್ಯಾರ್ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. ಜಾಲೋ ಬಾಯಲ್ಲಿದ್ದ ಪಣಿಯಾರ ನುಂಗಿ, ಎದೆಯ ಮೇಲೆ ಕೈಯಿಟ್ಟು ಏನೋ ಹೇಳಿದರು.

"ಕ್ಷಮಿಸ್ಬೇಕಂತೆ. ತಾವೂ ಪಟ್ಟಿ ನೆಲದವರೇ, ಅದಕ್ಕೇ ನಿನ್ನ ಮನಸ್ಸು ಅಷ್ಟು ಬೇಗ ಗೊತ್ತಾಯ್ತಂತೆ," ಎಂದರು ವಾತ್ಯಾರ್. "ಈ ಉಪಾಯ ಸೆನೆಗಲ್‌ನವ್ರಿಗೆ ಮಾತ್ರ ಯಾರೂ ಹೇಳ್ಬೇಡಿ ಅಂತಾರೆ."

ಅತಿಥಿ, ಆಫೀಸರ್, ರಾಮಸಾಮಿ, ಮೂವರ ಫೋಟೊ ತೆಗೆದರು. ಪಕ್ಕದಲ್ಲಿ ಪಣಿಯಾರದ ಕಲ್ಲೂ ಬಂತು. ಕಲ್ಲಿನ ಮಾಲೀಕ ಮಾತ್ರ ಬರಲಿಲ್ಲ.

ಸಂಜೆ ಓಚ್ಚಮ್ಮಾಳ್ ಕಲ್ಲು ಹೊತ್ತು ಮನೆಗೆ ಬಂದಾಗ ಮನೆಗೆ ಬಾಗಿಲಿರಲಿಲ್ಲ. ಎಮ್ಮೆ ಒಳಗೆ ಬಂದು ಅಡುಗೆಮನೆಯ ಕಡೆ ಮುಖ ಮಾಡಿ ನಿಂತಿತ್ತು. ಗಂಡ ಹೊಸ್ತಿಲ ಮೇಲೆ ಕೂತು ಹಿಮ್ಮಡಿಯ ಮುಳ್ಳು ತೆಗೆಯುತ್ತಿದ್ದ.

ಅವಳು ಕೂಗಾಡಲಿಲ್ಲ. "ಅಕ್ಕನ ಮನೆ ಅಟ್ಟದಲ್ಲಿ ಹಳೇ ತೇಗದ ಬಾಗ್ಲು ಒಂದಿದೆ," ಎಂದಳು. "ಹೋಗಿ ಕೇಳಿ."

"ನಾನಾ? ಅವ್ನ ಬಾಗ್ಲಿಗಾ?"

"ಅವ್ರು ಇಲ್ಲಿಗೆ ಬಂದು ಕೇಳಕ್ಕೆ ನಮಗೆ ಬಾಗ್ಲೆಲ್ಲಿದೆ?"

ಎಮ್ಮೆ ಅಕ್ಕಿಯ ಮಡಕೆಗೆ ಮೂತಿ ಹಾಕಿತು. ಕಾಳಿಮುತ್ತು ಎದ್ದ. ಮುರಿದ ಹಲಗೆಗಳನ್ನು ದಾಟಿ, ಗಡಿಯನ್ನೂ ದಾಟಿ, ರಾಮಸಾಮಿಯ ಮನೆಯ ಹೊಸ್ತಿಲ ಹೊರಗೆ ನಿಂತ. ಜಗಲಿಯಲ್ಲಿ ಟೀ ಅಂಗಡಿಯವರೆಲ್ಲ ಕೂತು ಉಳಿದ ಪಣಿಯಾರ ತಿನ್ನುತ್ತಿದ್ದರು. ಅವನು ಟವಲನ್ನು ಹೆಗಲಿಂದ ತೆಗೆದು ಸೊಂಟಕ್ಕೆ ಸುತ್ತಿದ. ಕೈ ತಾನಾಗಿಯೇ ಮುಗಿಯಿತು.

"ಅಣ್ಣಾ, ಒಂದು ಬಾಗ್ಲು ಬೇಕಾಗಿತ್ತು."

ರಾಮಸಾಮಿ ಟ್ರಾನ್ಸಿಸ್ಟರಿನ ಸದ್ದು ತಗ್ಗಿಸಿದ. ಚೌಕಟ್ಟಿಗೆ ಒರಗಿ, ಒಂದು ಸಲ ಕೆಮ್ಮಿ, ಯಾವ ಅಭ್ಯಾಸವೂ ಇಲ್ಲದೆ ಹೇಳಿದ:

"ಅದಕ್ಕೇನು ತಂಬಿ, ನಿಂದೇ ಅಂತ ತಿಳ್ಕೋ."