ಹೆಸರು ಬರೆಸಲು ಜಾಗವಿಲ್ಲದ ದಾನ

ದಾನ ಮಾಡುವವರಿಗೆ ಹೆಸರಿನ ಆಸೆ ಇರಬಾರದು ಎನ್ನುವವರು ಸರ್ಕಾರಿ ಶಾಲೆಯಲ್ಲಿ ಒಂದು ವರ್ಷ ಹೆಡ್‌ಮಾಸ್ಟರಾಗಿ ನೋಡಬೇಕು. ಆ ಆಸೆ ಇರದಿದ್ದರೆ ನಮ್ಮ ಮಕ್ಕಳಿಗೆ ಕೂರಲು ಬೆಂಚೂ ಇರುತ್ತಿರಲಿಲ್ಲ. ನ್ಯಾಮತಿಯಿಂದ ಅರ್ಧ ಗಂಟೆ ಬಸ್ಸಿನ ದಾರಿಯ ನಮ್ಮ ಶಾಲೆಯಲ್ಲಿ ಫ್ಯಾನಿನ ಮೂರು ರೆಕ್ಕೆಗಳ ಮೇಲೆ ಮೂವರು ಅಣ್ಣತಮ್ಮಂದಿರ ಹೆಸರಿದೆ. ಫ್ಯಾನು ತಿರುಗಿದರೆ ದಾನಿಗಳಿಗೆ ಬೇಸರ, ನಿಂತರೆ ಮಕ್ಕಳಿಗೆ ಸೆಕೆ. ಊಟದ ತಟ್ಟೆಯ ತಳದಲ್ಲಿ ಯಾರದೋ ಅಜ್ಜಿಯ ಹೆಸರು. ಸಾರು ಖಾಲಿಯಾದ ಮೇಲೆ ಮಕ್ಕಳು ಅದನ್ನು ಓದುತ್ತಾರೆ. ಗೋಡೆ ಗಡಿಯಾರಗಳು ಆರು ಇವೆ, ಒಂದೊಂದೂ ಒಂದೊಂದು ಗಂಟೆ ತೋರಿಸುತ್ತದೆ. ನನಗೆ ಅನುಕೂಲವಾದದ್ದನ್ನು ನೋಡಿ ನಾನು ಬೆಲ್ ಹೊಡೆಸುತ್ತೇನೆ.

ಈ ವರ್ಷ ಕೇಂದ್ರದಿಂದ ಶಾಲೆಗಳಿಗೆ ಬರುವ ಅನುದಾನಕ್ಕೆ ಕತ್ತರಿ ಬಿತ್ತು. ದೆಹಲಿಯ ಕತ್ತರಿ ನಮ್ಮೂರಿನವರೆಗೆ ಎಲ್ಲಿ ಮುಟ್ಟೀತು ಎಂದುಕೊಂಡಿದ್ದೆ. ಮೊದಲು ಲೈಬ್ರರಿಗೆ ಪುಸ್ತಕ ಬರುವುದು ನಿಂತಿತು, ಯಾರೂ ಕೇಳಲಿಲ್ಲ. ಆಮೇಲೆ ಪತ್ರ ಬಂತು: ಆ ಹಣದಲ್ಲಿ ಸಂಬಳ ಪಡೆಯುತ್ತಿದ್ದ ಗೀತಾ ಮೇಡಂ ಅವರನ್ನು ತಿಂಗಳ ಕೊನೆಗೆ ಕೆಲಸದಿಂದ ಬಿಡಿಸಬೇಕು. ಒಂದರಿಂದ ಮೂರನೇ ತರಗತಿಯ ಮಕ್ಕಳೆಲ್ಲ ಅಕ್ಷರ ಕಲಿಯುವುದು ಅವರ ಹತ್ತಿರವೇ. ಅವರು ಹೋದರೆ ಆ ಮಕ್ಕಳು ನನ್ನ ಪಾಲು. ನಾನು ಎಂಥೆಂಥ ಅಧಿಕಾರಿಗಳ ಎದುರು ನಿಂತವನು, ಆದರೆ ಒಂದನೇ ತರಗತಿಯ ಎದುರು ನಿಲ್ಲಲಾರೆ. ಹಿಂದೊಮ್ಮೆ ಮೇಡಂ ರಜೆ ಹಾಕಿದಾಗ ಹೋಗಿದ್ದೆ. ಅರ್ಧ ಗಂಟೆಯೊಳಗೆ ಒಂದು ಹುಡುಗಿ ನನ್ನ ಕನ್ನಡಕ ಹಾಕಿಕೊಂಡು ನನಗೇ ಪಾಠ ಮಾಡುತ್ತಿತ್ತು.

ಜೀವ ಉಳಿಸಿಕೊಳ್ಳಲು ನ್ಯಾಮತಿಗೆ ಓಡಿದೆ. ಗೊಬ್ಬರದಂಗಡಿಯ ರುದ್ರಪ್ಪನವರು ನಮ್ಮ ಶಾಲೆಯಲ್ಲೇ ಓದಿದವರು, ಆರು ಗಡಿಯಾರಗಳಲ್ಲಿ ಎರಡು ಅವರವೇ. ಒಂದು ವರ್ಷ ಮೇಡಂ ಸಂಬಳ ವಹಿಸಿಕೊಳ್ಳಿ ಎಂದು ಕೇಳಿದೆ.

"ಕೊಡಾಕೆ ಏನೂ ತೊಂದ್ರೆ ಇಲ್ಲ ಮೇಷ್ಟ್ರೆ. ನಮ್ಮಪ್ಪನ ಹೆಸರು ಎಲ್ಲಿ ಬರೆಸ್ತೀರಿ?"

"ಮಕ್ಕಳ ಮನಸಿನಾಗೆ ಇರ್ತೈತಲ್ರೀ."

"ಅದು ಹೋಗಿ ಬರೋರಿಗೆ ಹೆಂಗೆ ಕಾಣಬೇಕು? ಮೇಡಂ ಸೀರೆ ಮೇಲಂತೂ ಬರೆಸಾಕೆ ಆಗಂಗಿಲ್ಲ. ಬೇಜಾರು ಮಾಡ್ಕೋಬ್ಯಾಡ್ರಿ, ಬರಿಗೈಲಿ ಕಳಸಲ್ಲ" ಎಂದು ಒಳಗಿನಿಂದ ಒಂದು ಡಬ್ಬಿ ತಂದುಕೊಟ್ಟರು. ಏಳನೆಯ ಗಡಿಯಾರ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ.

ಕೊನೆಯ ದಿನ ಗೀತಾ ಮೇಡಂ ತಾವೇ ಮಾಡಿದ ಅಕ್ಷರದ ಕಾರ್ಡುಗಳನ್ನು ಜೋಡಿಸಿ ನನ್ನ ಕೈಗಿಟ್ಟರು.

"ಕಾವ್ಯ ಎಡಗೈಯಾಗೆ ಬರೀತಾಳೆ ಸರ್, ಬೈಬ್ಯಾಡ್ರಿ. ಬೈದ್ರೆ ಮಾರನೇ ದಿನ ಬರಲ್ಲ."

"ಮುಂದೆ ಏನು ಮಾಡ್ತೀರಿ ಮೇಡಂ?"

"ಹೊನ್ನಾಳಿ ಕಾನ್ವೆಂಟಿಗೆ ಕರೆದಾರೆ. ಸೋಮವಾರದಿಂದ ಅಲ್ಲಿ ಒಂದನೇ ಕ್ಲಾಸು" ಎಂದು ಕಣ್ಣೊರೆಸಿಕೊಂಡರು. ಕಿಟಕಿಯಲ್ಲಿ ನಿಂತಿದ್ದ ಮಕ್ಕಳೂ ಅಳುತ್ತಿದ್ದರು. ನಾನೂ ಕನ್ನಡಕ ತೆಗೆದು ಒರೆಸಿದೆ.

ಕಣ್ಣು ತುಂಬಿದ್ದು ಸುಳ್ಳಲ್ಲ. ಆದರೆ ಊರಿನವರಿಗೆ ನಾನು ಹೇಳದ ಒಂದು ಮಾತಿದೆ. ಪ್ರತಿ ಜೂನ್‌ನಲ್ಲಿ ಮನೆಮನೆಗೆ ಹೋಗಿ ಮಕ್ಕಳನ್ನು ಸರ್ಕಾರಿ ಶಾಲೆಗೇ ಸೇರಿಸಿ ಎಂದು ಕೈಮುಗಿಯುವ ನನ್ನ ಸ್ವಂತ ಮೊಮ್ಮಗಳು ಓದುವುದು ಅದೇ ಕಾನ್ವೆಂಟಿನ ಒಂದನೇ ಕ್ಲಾಸಿನಲ್ಲಿ. ಮೇಡಂ ಗೇಟು ದಾಟುವುದನ್ನೂ ಕಾಯದೆ ಶಾಲೆಯ ಹಿಂದಕ್ಕೆ ಹೋಗಿ ಹೆಂಡತಿಗೆ ಫೋನ್ ಮಾಡಿದೆ.

"ಕೇಳಿಲ್ಲಿ, ನಮ್ಮ ಪುಟ್ಟಿಗೆ ಒಳ್ಳೇ ಟೀಚರ್ ಸಿಕ್ಕಿದ್ರು ಕಣೇ."