ಚಿಕ್ಕತಾಯಮ್ಮನ ಮಗು ಏನಾಯಿತು?

ಪುಸ್ತಕ ಕೊಳ್ಳುವ ಚಟ ಇರುವವರಿಗೆಲ್ಲ ಓದುವ ಚಟವೂ ಇರುತ್ತದೆ ಎಂದು ಜನ ನಂಬಿದ್ದಾರೆ. ಪಾಂಡವಪುರದಲ್ಲಿ ನನ್ನ ಮರ್ಯಾದೆ ಇಪ್ಪತ್ತು ವರ್ಷದಿಂದ ಈ ನಂಬಿಕೆಯ ಮೇಲೆಯೇ ನಿಂತಿದೆ. ಸರ್ಕಾರಿ ಕಚೇರಿಯ ಗುಮಾಸ್ತನಾದ ನಾನು, ಬೀದಿಯಿಂದಲೇ ಕಾಣುವ ಹಾಗೆ ಮನೆಯ ಪಡಸಾಲೆಯಲ್ಲಿ ಗಾಜಿನ ಬಾಗಿಲಿನ ಕಪಾಟು ಮಾಡಿಸಿದ್ದೇನೆ. ಹೊಸ ಕಾದಂಬರಿ ಬಂತೆಂದರೆ ಮೈಸೂರಿಗೆ ಹೋಗಿ ತರುತ್ತೇನೆ. ಮೂಸಿ ನೋಡುತ್ತೇನೆ, ಮೊದಲ ಪುಟದಲ್ಲಿ ದುಂಡಗೆ ಹೆಸರು ಬರೆಯುತ್ತೇನೆ, ಬೆನ್ನುಡಿ ಪೂರ್ತಿ ಓದುತ್ತೇನೆ, ಮುನ್ನುಡಿ ಅರ್ಧ ಓದುತ್ತೇನೆ. ಅಷ್ಟಕ್ಕೆ ನನ್ನ ಸಾಹಿತ್ಯಪ್ರೀತಿಗೆ ದಣಿವಾಗುತ್ತದೆ. ಆದರೂ ಯಾರಾದರೂ "ಹೆಂಗೈತೆ ಸಾರ್ ಆ ಪುಸ್ತಕ?" ಎಂದರೆ, "ಚೆನ್ನಾಗಿದೆ, ಕೊನೆಗೆ ಸ್ವಲ್ಪ ಎಳೆದಿದ್ದಾರೆ" ಎನ್ನುತ್ತೇನೆ. ಈ ಅಭಿಪ್ರಾಯವನ್ನು ಇದುವರೆಗೆ ಒಬ್ಬರೂ ಅಲ್ಲಗಳೆದಿಲ್ಲ. ನಮ್ಮೂರಿನಲ್ಲಿ ಕೊನೆಯವರೆಗೆ ಓದಿದವರು ಯಾರೂ ಇಲ್ಲ ಎಂಬುದೇ ನನ್ನ ಧೈರ್ಯವಾಗಿತ್ತು.

ಹೀಗಿರುವಾಗ ಒಂದು ದಿನ ನಿಂಗೇಗೌಡರು ಮನೆಗೆ ಬಂದರು. ಅವರದು ರಸಗೊಬ್ಬರದ ಅಂಗಡಿ. ಜೊತೆಗೆ ಊರಿನ ಸಾಹಿತ್ಯ ಬಳಗದ ಕಾರ್ಯದರ್ಶಿ. ನಾಗಮಂಗಲದ ಕಡೆಯ ಕಾದಂಬರಿಕಾರರೊಬ್ಬರು ಹೊಸ ಕಾದಂಬರಿ ಬರೆದಿದ್ದರು. ಪೇಪರಿನಲ್ಲಿ, ಫೇಸ್‌ಬುಕ್ಕಿನಲ್ಲಿ, ಎಲ್ಲೆಲ್ಲೂ ಅದರದೇ ಸುದ್ದಿ. "ನಮ್ಮೂರ್ಗೆ ಬರೋಕೆ ಅವ್ರು ಒಪ್ಕಬುಟ್ಟವ್ರೆ ಸಾರ್. ಸ್ಟೇಜ್ ಮ್ಯಾಲೆ ಜೊತೇಲಿ ಕುಂತು ಪ್ರಶ್ನೆ ಕೇಳೋಕೆ ನೀವೇ ಸರಿ. ನಮ್ಗೆ ಯೂರಿಯಾ ಬುಟ್ರೆ ಇನ್ನೇನು ಗೊತ್ತು?" ಎಂದು ಹೇಳಿ, ಇಟ್ಟಿಗೆಯಷ್ಟು ದಪ್ಪದ ಆ ಪುಸ್ತಕವನ್ನು ಕೈಗಿಟ್ಟರು. ಕಾರ್ಯಕ್ರಮಕ್ಕೆ ಇನ್ನೂ ಮೂರು ವಾರವಿತ್ತು. ಮೂರು ವಾರವೆಂದರೆ ಅನಂತಕಾಲ. ಆ ಭಾನುವಾರ ಪುಸ್ತಕವನ್ನು ಸ್ಕೂಟರಿನಲ್ಲಿ ತೊಣ್ಣೂರಿಗೆ ಕರೆದುಕೊಂಡು ಹೋಗಿ, ಕೆರೆಯ ಹಿನ್ನೆಲೆಯಲ್ಲಿ ಫೋಟೋ ತೆಗೆದು, "ಓದುತ್ತಿದ್ದೇನೆ, ಮುಳುಗಿದ್ದೇನೆ" ಎಂದು ವಾಟ್ಸಾಪ್ ಸ್ಟೇಟಸ್ ಹಾಕಿದೆ. ಕೆರೆಯ ಫೋಟೋಕ್ಕೆ ಮುಳುಗಿದ್ದೇನೆ ಎಂದು ಬರೆದದ್ದು ನೋಡಿ ನನ್ನ ಅಕ್ಕ ಸಿಂಧಘಟ್ಟದಿಂದ ಗಾಬರಿಯಾಗಿ ಫೋನ್ ಮಾಡಿದಳು.

ಆಮೇಲೆ ಮೂವತ್ತೊಂದು ಪುಟ ಓದಿದೆ. ನಡುವೆ ಕಚೇರಿಯ ಆಡಿಟ್ ಬಂತು, ನೆಗಡಿ ಬಂತು, ಕ್ರಿಕೆಟ್ ಬಂತು. ಕಾರ್ಯಕ್ರಮಕ್ಕೆ ಮೂರು ದಿನ ಇದೆ ಎನ್ನುವಾಗ ಎದ್ದುಬಿದ್ದು ಕಪಾಟು ತೆರೆದರೆ ಪುಸ್ತಕವೇ ಇಲ್ಲ! ಹೆಂಡತಿ ಸರೋಜಳನ್ನು ಕೇಳಿದೆ.

"ನಸೀಮಾ ಓದ್ತೀನಿ ಅಂದ್ಲು, ಕೊಟ್ಟೆ" ಎಂದಳು.

"ಅದು ನನಗೆ ಬೇಕಾಗಿತ್ತಲ್ಲೇ!"

"ಯಾಕೆ? ಫೋಟೋ ತೆಗ್ದಾಯ್ತಲ್ಲ?"

ನಸೀಮಾ ನಮ್ಮ ಪಕ್ಕದ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಹೆಣ್ಣುಮಗಳು. ಸರೋಜಳ ರವಿಕೆಗಳನ್ನೆಲ್ಲ ಹೊಲಿಯುವವಳು ಅವಳೇ. ಹೋಗಿ ಪುಸ್ತಕ ವಾಪಸ್ಸು ಕೇಳಿದರೆ ನಾನು ಓದಿಲ್ಲವೆಂದು ಗೊತ್ತಾಗಿಬಿಡುತ್ತದೆ. ಆದ್ದರಿಂದ ಯೂಟ್ಯೂಬಿನಲ್ಲಿದ್ದ ಆ ಕಾದಂಬರಿಕಾರರ ಸಂದರ್ಶನಗಳನ್ನು ನೋಡಿ, ಅಲ್ಲಿನ ಪ್ರಶ್ನೆಗಳನ್ನೇ ಆರಿಸಿ ಬರೆದುಕೊಂಡೆ. ಅವರಿಗೆ ಉತ್ತರ ಗೊತ್ತಿರುವ ಪ್ರಶ್ನೆಗಳನ್ನೇ ಕೇಳುವುದು ಅತಿಥಿಸತ್ಕಾರದ ಒಂದು ಭಾಗವೆಂದು ಸಮಾಧಾನ ಮಾಡಿಕೊಂಡೆ.

ಸಭೆ ತುಂಬಿತ್ತು. "ಕಾದಂಬರಿಯನ್ನು ನೀವು ಬರೆದಿರೋ, ಕಾದಂಬರಿಯೇ ನಿಮ್ಮನ್ನು ಬರೆಯಿತೋ?" ಎಂದು ಶುರು ಮಾಡಿದೆ. ಅವರು ಕಣ್ಣು ಮುಚ್ಚಿದರು. ಯೂಟ್ಯೂಬಿನಲ್ಲಿ ಮುಚ್ಚಿದ್ದಷ್ಟೇ ಹೊತ್ತು ಮುಚ್ಚಿ, ಅಲ್ಲಿ ಹೇಳಿದ್ದನ್ನೇ ಇಲ್ಲಿಯೂ ಹೇಳಿದರು. ಚಪ್ಪಾಳೆ ಬಿತ್ತು. ಹೀಗೆ ಮುಕ್ಕಾಲು ಗಂಟೆ ಸುಖವಾಗಿ ಕಳೆಯಿತು. ಕೊನೆಗೆ ನಿಂಗೇಗೌಡರು ಮೈಕು ಹಿಡಿದು, "ಯಾರಾದ್ರೂ ಏನಾದ್ರೂ ಕೇಳೋದಿದ್ರೆ ಕೇಳ್ಬೋದು" ಎಂದರು. ಸಾಮಾನ್ಯವಾಗಿ ಈ ಮಾತು ಬಂದಾಗ ನಮ್ಮ ಜನ ಚಪ್ಪಲಿ ಹುಡುಕುತ್ತಾರೆ. ಅಂದು ಹೆಂಗಸರ ಸಾಲಿನಲ್ಲಿ ಸರೋಜಳ ಪಕ್ಕ ಕುಳಿತಿದ್ದ ನಸೀಮಾ ಎದ್ದು ನಿಂತಳು.

"ಸಾರ್, ಚಿಕ್ತಾಯಮ್ಮ ಗಂಡನ್ ಮನೆ ಬುಟ್ಟು ಬರುವಾಗ ಏಳು ತಿಂಗ್ಳ ಬಸ್ರಿ. ಆಮೇಲೆ ಮೇಲುಕೋಟೇಲಿ ಮಗ್ಗ ನೇಯ್ತಾಳೆ, ಕೋರ್ಟ್ಗೆ ಹೋಯ್ತಾಳೆ, ಮುದುಕಿನೂ ಆಯ್ತಾಳೆ. ಮಗೂ ಇಸ್ಯಾನೇ ಇಲ್ವಲ್ಲ ಸಾರ್? ಏನಾಯ್ತು ಆ ಮಗು?"

ಕಾದಂಬರಿಕಾರರು ಈ ಸಲ ಕಣ್ಣು ಮುಚ್ಚಲಿಲ್ಲ. ಈ ಪ್ರಶ್ನೆ ಯೂಟ್ಯೂಬಿನಲ್ಲಿ ಇರಲಿಲ್ಲ. ಅವರು ನನ್ನ ಕಡೆ ತಿರುಗಿ, "ನಮ್ಮ ಸಂವಾದಕರು ಸೂಕ್ಷ್ಮ ಓದುಗರು. ಮೊದಲು ಅವರು ಏನೆನ್ನುತ್ತಾರೋ ಕೇಳೋಣ" ಎಂದುಬಿಟ್ಟರು. ನನಗೆ ಚಿಕ್ಕತಾಯಮ್ಮ ಯಾರೆಂಬುದೇ ಗೊತ್ತಿಲ್ಲ. ಮೂವತ್ತೊಂದು ಪುಟದವರೆಗೆ ಆಕೆ ಬಂದೇ ಇರಲಿಲ್ಲ. ಗಂಟಲು ಸರಿಮಾಡಿಕೊಂಡು, ಗಂಭೀರವಾಗಿ, "ಆ ಮಗು ಒಂದು ರೂಪಕ" ಎಂದೆ. ಜೋರು ಚಪ್ಪಾಳೆ. ಮುಂದಿನ ಸಾಲಿನ ನಿವೃತ್ತ ಮೇಷ್ಟ್ರೊಬ್ಬರು ಅದನ್ನು ಬರೆದುಕೊಂಡರು.

ನಸೀಮಾ ಕುಳಿತುಕೊಳ್ಳಲಿಲ್ಲ. "ರೂಪಕ ಆದ್ರೂ ಎರಿಗೆ ಆಗ್ಬೇಕಲ್ವಾ ಸಾರ್?" ಎಂದಳು.

ಸಭೆ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನನ್ನ ಹೆಂಡತಿ.

ಕಾದಂಬರಿಕಾರರು ಮಾತ್ರ ನಗಲಿಲ್ಲ. ಮೈಕು ಕೆಳಗಿಟ್ಟು, ಇಳಿದುಹೋಗಿ ಅವಳೆದುರು ನಿಂತರು. "ತಪ್ಪು ನನ್ನದು ಕಣಮ್ಮ. ಪುಸ್ತಕ ದಪ್ಪವಾಯಿತು ಅಂತ ಪ್ರಕಾಶಕರು ಹೇಳಿದರು, ನಲವತ್ತು ಪುಟ ತೆಗೆದೆ. ಹೆರಿಗೆ ಅದರಲ್ಲಿತ್ತು. ಇಷ್ಟು ಜನ ವಿಮರ್ಶೆ ಬರೆದರು, ಸಂದರ್ಶನ ಮಾಡಿದರು. ಕೇಳಿದವಳು ನೀನೊಬ್ಬಳೇ" ಎಂದರು.

"ಬಟ್ಟೆ ಸಾಲ್ದು ಅಂತ ನಾನು ತೋಳೇ ಬುಟ್ಟು ರವಿಕೆ ಹೊಲುದ್ರೆ ಅಕ್ಕಂದ್ರು ಸುಮ್ಕಿರ್ತಾರಾ ಸಾರ್?" ಎಂದ ನಸೀಮಾ, ಆಮೇಲೆ ದನಿ ತಗ್ಗಿಸಿ ಕೇಳಿದಳು: "ಬದುಕೈತಾ ಮಗು?"

"ಬದುಕಿದೆ. ಹೆಣ್ಣು."

"ಅಲ್ಲಾನ ದಯ" ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಎರಡು ದಿನದಿಂದ ಅವಳಿಗೆ ಮಿಷನ್ ತುಳಿಯಲು ಮನಸ್ಸೇ ಬಂದಿರಲಿಲ್ಲವಂತೆ. ಸಭೆ ಮುಗಿದು ಉಪ್ಪಿಟ್ಟು ತಿನ್ನುವಾಗ ಕಾದಂಬರಿಕಾರರು ಅವಳ ಪಕ್ಕದಲ್ಲೇ ಕುಳಿತು, ತೆಗೆದುಹಾಕಿದ ನಲವತ್ತು ಪುಟದ ಕಥೆಯನ್ನು ಪೂರ್ತಿ ಹೇಳಿದರು. ನನ್ನ ಪಕ್ಕದಲ್ಲಿ ನಿಂಗೇಗೌಡರು ಕುಳಿತು ಕೇಸರಿಭಾತು ಹಾಕಿಸಿಕೊಂಡರು.

ಮಾರನೆಯ ದಿನ ಸ್ಥಳೀಯ ಪತ್ರಿಕೆಯಲ್ಲಿ ನನ್ನ ಫೋಟೋ ಬಂತು. ಮೇಲೆ ದಪ್ಪಕ್ಷರದಲ್ಲಿ "ಆ ಮಗು ಒಂದು ರೂಪಕ" ಎಂದಿತ್ತು. ನಸೀಮಾಳ ಹೆಸರು ಎಲ್ಲಿಯೂ ಇರಲಿಲ್ಲ. ಸಂಜೆಗೆ ನಾಗಮಂಗಲದಿಂದ ಫೋನು: ಅಲ್ಲಿಯೂ ಅದೇ ಕಾದಂಬರಿಯ ಸಂವಾದವಂತೆ, ನಾನೇ ಬರಬೇಕಂತೆ. ನಾಚಿಕೆ ಇರುವವನು ಒಲ್ಲೆ ಎನ್ನಬೇಕಿತ್ತು. ನಾನು ಒಪ್ಪಿಕೊಂಡು, ನೋಟ್‌ಬುಕ್ಕು ಹಿಡಿದು ನಸೀಮಾಳ ಅಂಗಡಿಗೆ ಹೋದೆ. "ಕಥೆ ಒಂದು ಸಲ ಹೇಳಮ್ಮ, ಮರೆತುಹೋಗಿದೆ" ಎಂದೆ. ಅವಳು ಕಾಜ ಹಾಕುತ್ತಾ ಹೇಳತೊಡಗಿದಳು. ಚಿಕ್ಕತಾಯಮ್ಮ ಬಸುರಿ ಹೊಟ್ಟೆ ಹೊತ್ತು ಬೆಟ್ಟದ ಮೆಟ್ಟಿಲು ಹತ್ತಿದ್ದಳು. ಗಂಡ ಹಿಂದೆಯೇ ಓಡಿಬರುತ್ತಿದ್ದ. ನಾನು ಬರೆಯುವುದನ್ನು ಮರೆತು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ನಸೀಮಾ ಹಲ್ಲಿನಿಂದ ದಾರ ಕಡಿದು, ಪುಸ್ತಕ ತೆಗೆದು ನನ್ನ ಮುಂದಿಟ್ಟು, "ಮುಂದುಕ್ಕೆ ನೀವೇ ಓದ್ಕಳಿ ಸಾರ್, ನಂಗೆ ಕೆಲ್ಸ ಐತೆ" ಎಂದಳು.

ಮನೆಗೆ ಬಂದು ಕುರ್ಚಿಯಲ್ಲಿ ಕುಳಿತವನು ಏಳಲಿಲ್ಲ. ಸರೋಜ ಎರಡು ಸಲ ಬಾಗಿಲಲ್ಲಿ ನಿಂತು ನೋಡಿ ಹೋದಳಂತೆ, ನನಗೆ ಗೊತ್ತಾಗಲಿಲ್ಲ. ಮೂರನೆಯ ಸಲ ಹತ್ತಿರ ಬಂದು ನನ್ನ ಹಣೆಯ ಮೇಲೆ ಕೈಯಿಟ್ಟಳು.

"ಜ್ವರ ಏನಿಲ್ಲ" ಎಂದಳು. "ಮತ್ಯಾಕೆ ಹಿಂಗೆ ಓದ್ತಾ ಕೂತಿದ್ದೀರಿ?"